ಸೋರುವ ತಾರಸಿಯ ಹೊಣೆ: ಮೈಸೂರಿನ ಸಾರ್ವಜನಿಕ ಕಟ್ಟಡಗಳನ್ನು ಕುರಿತು



2022ರ ಅಕ್ಟೋಬರ್ ತಿಂಗಳ ಮಳೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಮೈಸೂರಿನಲ್ಲಿ ಎರಡು ಹಳೆಯ ಕಟ್ಟಡಗಳು ಕುಸಿದವು. ಮೊದಲು ಬಿದ್ದದ್ದು ಅರಮನೆಯನ್ನು ಸುತ್ತುವರಿದ ಕೋಟೆಗೋಡೆಯ ಒಂದು ತುಂಡು. ಆಮೇಲೆ ಬಿದ್ದದ್ದು ಮಹಾರಾಣಿ ಮಹಿಳಾ ವಿಜ್ಞಾನ ಕಾಲೇಜಿನಲ್ಲಿ ಪ್ರಯೋಗಾಲಯವಿದ್ದ ಭಾಗ. ಕೋಟೆಗೋಡೆ ಬಿದ್ದಾಗ ಊರು ಕೇಳಿದ್ದು, ಇದನ್ನು ಮತ್ತೆ ಮೊದಲಿನಂತೆ ಕಟ್ಟುವುದು ಯಾವಾಗ ಎಂದು. ಗೋಡೆಗೆ ವಯಸ್ಸಾಗಿದೆ, ಉಳಿದದ್ದನ್ನೂ ಉರುಳಿಸಿಬಿಡಿ ಎಂಬ ಸಲಹೆ ಯಾರ ಬಾಯಿಂದಲೂ ಬರಲಿಲ್ಲ. ಕಾಲೇಜಿನ ಕಟ್ಟಡ ಬಿದ್ದಾಗ ಮಾತ್ರ ಹೊಸ ಕಟ್ಟಡದ ಮಾತು ತಕ್ಷಣವೇ ಶುರುವಾಯಿತು. ಅದೇ ಊರು, ಅದೇ ಮಳೆ. ಆದರೂ ಒಂದಕ್ಕೆ ದುರಸ್ತಿ, ಇನ್ನೊಂದಕ್ಕೆ ವಿದಾಯ. ಈ ಭೇದ ಎಲ್ಲಿಂದ ಬಂತು ಎಂಬುದೇ ಇವತ್ತಿನ ವಿಚಾರ. ಕಟ್ಟಡದ ಬಲಾಬಲದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಆ ಕಟ್ಟಡದ ದುರಸ್ತಿಯ ಲೆಕ್ಕ ಯಾರ ಪುಸ್ತಕದಲ್ಲಿದೆ ಎಂಬುದರಲ್ಲಿ ಸಿಗುತ್ತದೆ ಎಂಬುದು ನನ್ನ ವಾದ.

ಈ ವಾದಕ್ಕೆ ಮುಖ್ಯ ಸಾಕ್ಷಿಗಳಾಗಿ ನಿಲ್ಲುವುದು ಕಾಲೇಜಿಗಿಂತ ಮೊದಲೇ ಕುಸಿದ ಎರಡು ಕಟ್ಟಡಗಳು. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರದ ದ್ವಾರದ ಭಾಗ ಉರುಳಿತು, ಅದೂ ನವೀಕರಣದ ಕೆಲಸ ನಡೆಯುತ್ತಿದ್ದಾಗಲೇ. ಎರಡೂ ನಗರಪಾಲಿಕೆಯ ಸ್ವತ್ತು, ಎರಡೂ ಬಾಡಿಗೆಯ ಮಳಿಗೆಗಳ ಕಟ್ಟಡ, ಎರಡೂ ಊರಿನ ನಡುಮಧ್ಯದಲ್ಲಿವೆ. ಅಂದಿನಿಂದ ಸಮಿತಿಗಳು ಬಂದವು, ವರದಿಗಳು ಬಂದವು. ಒಬ್ಬ ತಜ್ಞರು ಉಳಿಸಬಹುದು ಎಂದರೆ ಇನ್ನೊಬ್ಬರು ಕೆಡವಲೇಬೇಕು ಎಂದರು. ಕೆಡವಿ ಅದೇ ಶೈಲಿಯಲ್ಲಿ ಕಟ್ಟೋಣ ಎಂಬ ಕಡೆಗೆ ಆಡಳಿತ ವಾಲಿತು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ನ್ಯಾಯಾಲಯದ ಮುಂದಿನ ವಾದಗಳನ್ನು ನಾನಿಲ್ಲಿ ಮತ್ತೆ ಹೂಡುವುದಿಲ್ಲ. ಇಷ್ಟೆಲ್ಲ ಚರ್ಚೆಯಲ್ಲಿ ಕಟ್ಟಡವನ್ನು ಉಳಿಸಬೇಕೆ ಉರುಳಿಸಬೇಕೆ ಎಂದು ಕೇಳಿದಷ್ಟು ಬಾರಿ, ಬೀಳುವ ಮುಂಚಿನ ಐವತ್ತು ವರ್ಷ ಅದರ ತಾರಸಿಯ ಮೇಲೆ ಹತ್ತಿ ನೋಡಿದವರು ಯಾರು ಎಂದು ಯಾರೂ ಕೇಳಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಈ ಕಟ್ಟಡಗಳು ಹುಟ್ಟಿದ ಕಾಲವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1831ರಿಂದ ಐವತ್ತು ವರ್ಷ ರಾಜ್ಯದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು, ಕಚೇರಿಗಳೆಲ್ಲ ಬೆಂಗಳೂರಿನಲ್ಲಿದ್ದವು. 1881ರಲ್ಲಿ ಅಧಿಕಾರ ಒಡೆಯರ ಮನೆತನಕ್ಕೆ ಮರಳಿದಾಗ ಮೈಸೂರು, ಅರಮನೆ ಮತ್ತು ದಸರೆಯನ್ನು ನಂಬಿಕೊಂಡ ಒಂದು ಕೋಟೆಯ ಊರಾಗಿತ್ತು. ಅಲ್ಲಿಂದ ಮುಂದಿನ ಅರವತ್ತು ವರ್ಷಗಳಲ್ಲಿ, ಹತ್ತನೆಯ ಚಾಮರಾಜ ಒಡೆಯರು ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆ ಊರು ಒಂದು ನಗರವಾಯಿತು. ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಪುರಭವನ ಬಂತು. ಲಾರ್ಡ್ ಡಫರಿನ್ ಬಂದು ಹೋದ ನೆನಪಿಗೆ ಚಿಕ್ಕ ಗಡಿಯಾರ, ಲಾರ್ಡ್ ಲ್ಯಾನ್ಸ್‌ಡೌನ್ ನೆನಪಿಗೆ 1892ರಲ್ಲಿ ಅಂಗಡಿಗಳ ಸಾಲು. ದಿವಾನ್ ಪೂರ್ಣಯ್ಯನವರು ಕಾವೇರಿ ನೀರು ತರಲೆಂದು ತೋಡಿಸಿ ಕೈಗೂಡದೆ ಹೋದ ನಾಲೆಯ ಬದಿಯಲ್ಲಿ ಸೇರುತ್ತಿದ್ದ ಸಂತೆಗೆ ಕಮಾನು, ಪ್ರಾಂಗಣ, ಸೂರುಗಳು ಬಂದು ದೇವರಾಜ ಮಾರುಕಟ್ಟೆಯಾಯಿತು. 1891ರಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಆರ್. ಶಾಮಶಾಸ್ತ್ರಿಗಳಿಗೆ ಅಲ್ಲೇ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಕಣ್ಣಿಗೆ ಬಿತ್ತು, 1909ರಲ್ಲಿ ಅದು ಅಚ್ಚಾಯಿತು. 1903ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ದೇಶದಲ್ಲಿ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಒಂದು. ಪ್ಲೇಗಿನ ಹೊಡೆತ ತಿಂದ ಇಕ್ಕಟ್ಟಿನ ಕೇರಿಗಳ ಜಾಗದಲ್ಲಿ ಗಾಳಿ ಬೆಳಕಿನ ಬಡಾವಣೆಗಳು ಎದ್ದವು. 1916ರಲ್ಲಿ ವಿಶ್ವವಿದ್ಯಾನಿಲಯ, 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು ಹಣ ಕೂಡಿಸಿದ ದೊಡ್ಡ ಗಡಿಯಾರ. ಇವನ್ನು ಒಂದೊಂದಾಗಿ ಪ್ರವಾಸಿ ಕೈಪಿಡಿಯಲ್ಲಿ ನೋಡಿದರೆ ಬಿಡಿ ಕಟ್ಟಡಗಳು. ಒಟ್ಟಿಗೆ ನೋಡಿದರೆ, ಓದು, ವ್ಯಾಪಾರ, ಸಭೆ, ವೈದ್ಯ, ನೀರು ಎಲ್ಲಕ್ಕೂ ಒಂದೊಂದು ನೆಲೆ ಕಟ್ಟಿಕೊಟ್ಟ ಒಂದೇ ಕಾರ್ಯಕ್ರಮದ ಕಂತುಗಳು. ಅದರಲ್ಲಿ ಅರಮನೆ ಒಂದು ಕಂತು ಮಾತ್ರ.

ಈ ಕಟ್ಟಡಗಳ ದೇಹದ ಗುಣವೂ ನಮ್ಮ ವಿಷಯಕ್ಕೆ ಬೇಕಾದದ್ದೇ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ತೇಗದ ತೊಲೆ. ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಬಡಿದು ಕೂರಿಸಿದ ಮದರಾಸು ತಾರಸಿ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಇದು ಅದರ ಗುಣ, ದೋಷವಲ್ಲ. ಆದರೆ ಈ ಏರ್ಪಾಟು ಒಂದು ಷರತ್ತಿನ ಮೇಲೆ ನಿಂತಿದೆ: ಮಳೆನೀರು ತಾರಸಿಯ ಮೇಲೆ ನಿಲ್ಲಬಾರದು, ಬಿರುಕಿಗೆ ಆಗಾಗ ಗಾರೆ ಬೀಳಬೇಕು, ಗೋಡೆ ಸಂದಿಯಲ್ಲಿ ಮೊಳೆತ ಅರಳಿಯನ್ನು ಬೆರಳುದ್ದವಿದ್ದಾಗಲೇ ಕೀಳಬೇಕು. ಷರತ್ತು ತಪ್ಪಿದರೆ ನೀರು ಗೋಡೆಯೊಳಗೆ ಇಳಿದು, ತೊಲೆಯ ತುದಿ ಗೋಡೆಯಲ್ಲಿ ಹುದುಗಿರುವ ಜಾಗಕ್ಕೆ ಮುಟ್ಟುತ್ತದೆ. ತೊಲೆಯ ನಡುಭಾಗ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಕಾಣದ ತುದಿ ಕೊಳೆಯುತ್ತಿರುತ್ತದೆ. ಇಂಥ ತಾರಸಿ ಒಂದು ದಿನ ಸದ್ದಿಲ್ಲದೆ ಕೆಳಗೆ ಬರುವುದಕ್ಕೆ ಕಾರಣ ಇದು. ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ನಾವು ಮಾಡಿದ ದುರಸ್ತಿಗಳು ಎಷ್ಟೋ ಕಡೆ ರೋಗವನ್ನೇ ಹೆಚ್ಚಿಸಿದವು. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗೆ ಹೋದ ನೀರಿಗೆ ಹೊರಬರುವ ದಾರಿ ಮುಚ್ಚುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಇಟ್ಟಿಗೆ ಪುಡಿಯಾಗುತ್ತಿರುತ್ತದೆ. ಸುಣ್ಣ ಅರೆಯುವ, ಹದ ನೋಡುವ ಗಾರೆಯವರ ಸಂತತಿ ಇದೇ ಅವಧಿಯಲ್ಲಿ ಕೆಲಸವಿಲ್ಲದೆ ಚದುರಿತು. ಟೆಂಡರಿನ ದರಪಟ್ಟಿಗೆ ಸಿಮೆಂಟಿನ ಚೀಲ ಸುಲಭವಾಗಿ ಒಗ್ಗಿದಂತೆ ಗಾರೆಯವನ ಕೈಯ ಹದ ಒಗ್ಗಲಿಲ್ಲ.

ಈಗ ಸಾಮಾನ್ಯವಾಗಿ ಕೇಳಿಬರುವ ಎರಡು ವಿವರಣೆಗಳನ್ನು ಪರೀಕ್ಷಿಸೋಣ. ಮೊದಲನೆಯದು ವಯಸ್ಸು: ನೂರು ವರ್ಷ ದಾಟಿತು, ಬಿತ್ತು. ಇದು ನಿಜವಾದರೆ 1861ರ ಜಗನ್ಮೋಹನ ಅರಮನೆ ಲ್ಯಾನ್ಸ್‌ಡೌನ್ ಕಟ್ಟಡಕ್ಕಿಂತ ಮೊದಲೇ ಬೀಳಬೇಕಿತ್ತು. ಬೆಂಗಳೂರಿನ ಅಠಾರಾ ಕಚೇರಿ 1868ರದು. ಅದನ್ನು ಕೆಡವುವ ಪ್ರಸ್ತಾಪ 1980ರ ದಶಕದಲ್ಲಿ ಗಂಭೀರವಾಗಿಯೇ ಬಂದಿತ್ತು. ಜನ ಎದುರು ನಿಂತರು, ಕಟ್ಟಡ ಉಳಿಯಿತು, ಹೈಕೋರ್ಟು ಈಗಲೂ ಅಲ್ಲೇ ಕೂರುತ್ತದೆ. ವಯಸ್ಸು ಕಟ್ಟಡವನ್ನು ಕೊಲ್ಲುವುದಿಲ್ಲ ಎಂಬುದಕ್ಕೆ ಇನ್ನೇನು ಬೇಕು? ಎರಡನೆಯ ವಿವರಣೆ ಪರಂಪರೆಯ ಪ್ರೇಮಿಗಳಿಂದಲೇ ಬರುವಂಥದು, ಹಾಗಾಗಿ ಹೆಚ್ಚು ಎಚ್ಚರದಿಂದ ನೋಡಬೇಕು. ಬಳಕೆಯಲ್ಲಿರುವ ಕಟ್ಟಡ ಉಳಿಯುತ್ತದೆ, ಬೀಗ ಬಿದ್ದ ಕಟ್ಟಡ ಅಳಿಯುತ್ತದೆ ಎಂದು ಅವರು ಹೇಳುತ್ತಾರೆ. ಕೇಳಲು ಹಿತವಾಗಿದೆ. ಆದರೆ ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಗಿಂತ ಹೆಚ್ಚು ಬಳಕೆಯಲ್ಲಿದ್ದ ಕಟ್ಟಡ ಯಾವುದಿತ್ತು? ಎಂಟುನೂರರಷ್ಟು ಮಳಿಗೆ, ಬೆಳಗಿನ ಜಾವದಿಂದಲೇ ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಕುಂಕುಮದ ರಾಶಿ, ದಸರೆಯಲ್ಲಿ ಕಾಲಿಡಲು ಜಾಗವಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದ ಅಂಗಡಿಗಳಿಗೆ ಹೋಗದೆ ಮೈಸೂರಿನಲ್ಲಿ ಓದಿದ ವಿದ್ಯಾರ್ಥಿಗಳು ಕಡಿಮೆ. ಎರಡೂ ತುಂಬಿ ತುಳುಕುತ್ತಿರುವಾಗಲೇ ಬಿದ್ದವು. ಹಾಗಾದರೆ ಬಳಕೆ ಮಾತ್ರ ಸಾಲದು.

ಬಳಕೆಗೂ ದುರಸ್ತಿಗೂ ನಡುವೆ ಕೊಂಡಿಯಿದ್ದರೆ ಮಾತ್ರ ಕಟ್ಟಡ ಉಳಿಯುತ್ತದೆ ಎಂದು ಹೇಳುವುದು ಹೆಚ್ಚು ಸರಿ. ಅರಮನೆಯನ್ನು ನೋಡಿ. ಅದನ್ನು ನೋಡಿಕೊಳ್ಳುವುದಕ್ಕೆಂದೇ ಒಂದು ಮಂಡಳಿ ಇದೆ, ಟಿಕೆಟಿನ ಹಣ ಅದರ ಕೈಗೆ ಬರುತ್ತದೆ. ತಾರಸಿ ಸೋರಿದರೆ ಮರುದಿನವೇ ಗೊತ್ತಾಗುವ ಜನ ಒಳಗಿದ್ದಾರೆ. ಹೈಕೋರ್ಟಿನಲ್ಲಿ ನ್ಯಾಯಾಧೀಶರ ಮೇಜಿನ ಮೇಲೆ ನೀರು ತೊಟ್ಟಿಕ್ಕಿದರೆ ಲೋಕೋಪಯೋಗಿ ಇಲಾಖೆ ಓಡಿಬರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮಾರುಕಟ್ಟೆಯಲ್ಲಿ ಈ ಕೊಂಡಿ ಕಳಚಿತ್ತು. ದಶಕಗಳಿಂದ ಏರದ ಬಾಡಿಗೆ ಪಾಲಿಕೆಯ ಸಾಮಾನ್ಯ ಖಜಾನೆಗೆ ಹೋಗುತ್ತಿತ್ತು, ಮಾರುಕಟ್ಟೆಯ ತಾರಸಿಗೆಂದು ಅದರಲ್ಲಿ ಪಾಲು ತೆಗೆದಿಡುವ ಕಟ್ಟುಪಾಡು ಇರಲಿಲ್ಲ. ಮಳಿಗೆದಾರ ತನ್ನ ಮಳಿಗೆಯ ಒಳಗೆ ಅಟ್ಟ ಹಾಕಿದ, ತಂತಿ ಎಳೆದ, ತಗಡು ಹೊದೆಸಿದ. ತಲೆಯ ಮೇಲಿನ ತಾರಸಿ ತನ್ನದಲ್ಲ ಎಂದುಕೊಂಡ, ಕಾನೂನಿನ ಪ್ರಕಾರ ಅದು ಸರಿಯೂ ಆಗಿತ್ತು. ಒಳಬಾಡಿಗೆಗೆ ಕೊಟ್ಟವನಿಗಂತೂ ತಿಂಗಳ ಹಣದ ಹೊರತು ಕಟ್ಟಡದ ಸಂಬಂಧವೇ ಉಳಿಯಲಿಲ್ಲ. ಪಾಲಿಕೆಗೆ ಮಾರುಕಟ್ಟೆ ನೂರಾರು ಸ್ವತ್ತುಗಳಲ್ಲಿ ಒಂದು. ಹೀಗೆ ಎಲ್ಲರೂ ಬಳಸುವ ಕಟ್ಟಡಕ್ಕೆ ಯಜಮಾನನೇ ಇಲ್ಲದಂತಾಯಿತು.

ಪರಂಪರೆಯ ಪಟ್ಟಿ ಈ ಕೊರತೆಯನ್ನು ತುಂಬಲಾರದು. ಮೈಸೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಪಾರಂಪರಿಕ ಕಟ್ಟಡಗಳನ್ನು ಗುರುತಿಸಲಾಗಿದೆ, ರಾಜ್ಯದ ಪರಂಪರೆ ಇಲಾಖೆಯ ಕೇಂದ್ರವೂ ಈ ಊರಿನಲ್ಲೇ ಇದೆ. ಪಟ್ಟಿ ಮಾಡುವುದು ಒಳ್ಳೆಯ ಕೆಲಸವೇ. ಆದರೆ ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ಜೂನ್ ಮೊದಲ ವಾರ ನೀರಿನ ದೋಣಿಯ ಕಸ ತೆಗೆಯಲು ಆಳು ಬರುವುದಿಲ್ಲ.

ಇದಕ್ಕಿಂತ ಬೇರೆ ಬಗೆಯ ಲೆಕ್ಕ ಈ ನೆಲದಲ್ಲೇ ಇತ್ತು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬುದು ಮತ್ತೆ ಮತ್ತೆ ಎದುರಾಗುತ್ತದೆ. ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದ ದಂಡನಾಯಕ, ಹೆಗ್ಗಡೆ, ಸೆಟ್ಟಿ, ಪೂಜೆಗೆ, ಅಂಗಭೋಗ ರಂಗಭೋಗಕ್ಕೆ, ಋಷಿಗಳ ಆಹಾರಕ್ಕೆ ದಾನ ಕೊಡುವಾಗಲೇ, ಒಡೆದು ಬಿರಿದ ಭಾಗಗಳ ದುರಸ್ತಿಗೂ ಸೇರಿಸಿ ಗದ್ದೆ, ತೋಟ, ಗಾಣ, ಸುಂಕದ ಪಾಲು ಬರೆದುಕೊಡುತ್ತಿದ್ದ. ಕಟ್ಟಡ ನಿಂತ ದಿನವೇ ಅದು ಮುಂದೆ ಬಿರುಕು ಬಿಡುತ್ತದೆ ಎಂದು ಒಪ್ಪಿಕೊಂಡ ವ್ಯವಹಾರ ಇದು. ಆ ಗುಡಿಗಳೂ ಹಾಳುಬಿದ್ದಿವೆಯಲ್ಲ ಎಂದು ನೀವು ಕೇಳಬಹುದು. ಬಿದ್ದಿವೆ. ಕೆಲವು ಯುದ್ಧಕ್ಕೆ ಸಿಕ್ಕಿದವು, ಕೆಲವು ಊರು ಬರಿದಾಗಿ ಹಾಳಾದವು. ಎಷ್ಟೋ ಗುಡಿಗಳು ಮಾತ್ರ ದತ್ತಿಯ ಭೂಮಿ ಕೈಬಿಟ್ಟ ಮೇಲೆ ಹಾಳಾದವು. ಅದು ನನ್ನ ವಾದಕ್ಕೆ ಬಲವೇ ಹೊರತು ವಿರೋಧವಲ್ಲ. ಇಂದಿನ ಈ ದತ್ತಿ ಉಪನ್ಯಾಸವೂ ಅದೇ ಲೆಕ್ಕದಲ್ಲಿ ನಡೆಯುತ್ತಿದೆ ಎಂಬುದನ್ನು ದಾನಿಗಳು ಬಲ್ಲರು: ಮೂಲಧನ ಬ್ಯಾಂಕಿನಲ್ಲಿ ಹಾಗೇ ಇದೆ, ನಾನು ಬಡ್ಡಿಯಲ್ಲಿ ಮಾತಾಡುತ್ತಿದ್ದೇನೆ. ಒಂದು ಗಂಟೆಯ ಮಾತಿಗೆ ಇಷ್ಟು ಮುಂದಾಲೋಚನೆ ಮಾಡುವ ಸಮಾಜ, ಸಾವಿರಾರು ಜನ ದಿನವೂ ನಡೆಯುವ ಸೂರಿಗೆ ಮಾಡಲಿಲ್ಲ.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ಭಾರವಾದದ್ದು ಜೀವದ ಪ್ರಶ್ನೆ. ನಾಲ್ವರು ಸತ್ತಿದ್ದಾರೆ, ಇನ್ನೂ ಕಲ್ಲು ಇಟ್ಟಿಗೆಯ ಮೇಲೆ ಮೋಹವೇ ಎಂದು ಕೇಳುವವರಿಗೆ ಹಗುರವಾಗಿ ಉತ್ತರ ಕೊಡುವ ಹಕ್ಕು ಯಾರಿಗೂ ಇಲ್ಲ. ಅಪಾಯವಿದ್ದರೆ ಜನರನ್ನು ಹೊರಗೆ ಕಳಿಸಿ, ಬೀಗ ಹಾಕಿ, ಊರೆಗೋಲು ಕೊಡಬೇಕು. ಅದರಲ್ಲಿ ಚರ್ಚೆಯಿಲ್ಲ. ಒಂದು ಭಾಗ ದುರಸ್ತಿಗೆ ಮೀರಿದ್ದರೆ ಆ ಭಾಗ ಇಳಿಸಲೇಬೇಕು. ಆದರೆ ಜನರನ್ನು ಕೊಂದದ್ದು ಹಳತನ ಎಂದು ತೀರ್ಮಾನಿಸಿದರೆ, ಕೊಂದ ನಿರ್ಲಕ್ಷ್ಯ ಖುಲಾಸೆಯಾಗುತ್ತದೆ. ಅದೇ ನಿರ್ಲಕ್ಷ್ಯ ಮುಂದೆ ಹೊಸ ಕಟ್ಟಡಕ್ಕೂ ಉಸ್ತುವಾರಿಯಾಗುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ನೀರು ಮುಟ್ಟಿದರೆ ತುಕ್ಕು ಹಿಡಿಯುತ್ತದೆ, ಹಿಗ್ಗುತ್ತದೆ, ಚಪ್ಪಡಿಯನ್ನು ಸೀಳುತ್ತದೆ. ನಲವತ್ತು ವರ್ಷಕ್ಕೇ ಕೆಡವಬೇಕಾದ ಸರ್ಕಾರಿ ಕಾಂಕ್ರೀಟ್ ಕಟ್ಟಡಗಳನ್ನು ನಾವೆಲ್ಲ ನೋಡಿದ್ದೇವೆ. ಸುಣ್ಣದ ಕಟ್ಟಡ ನಮ್ಮ ಅಸಡ್ಡೆಯನ್ನು ನೂರು ವರ್ಷ ತಡೆದುಕೊಂಡಿತು, ಕಾಂಕ್ರೀಟು ಅಷ್ಟು ಸೈರಣೆಯದಲ್ಲ.

ಎರಡನೆಯ ಆಕ್ಷೇಪ ಜಾಣತನದ್ದು. ಈಗಿರುವ ಅರಮನೆಯೇ ಮರುನಿರ್ಮಾಣವಲ್ಲವೆ? 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ ಹಳೆಯ ಮರದ ಅರಮನೆ ಸುಟ್ಟುಹೋಯಿತು, 1912ರಷ್ಟರಲ್ಲಿ ಹೊಸದು ಎದ್ದಿತು, ಇಂದು ಊರಿನ ಹೆಮ್ಮೆ ಅದೇ. ಹಾಗಿದ್ದ ಮೇಲೆ ಮಾರುಕಟ್ಟೆಯನ್ನೂ ಹೊಸದಾಗಿ ಕಟ್ಟಿದರೇನು? ಇದಕ್ಕೆ ಉತ್ತರ ಆ ಅರಮನೆಯನ್ನು ಕಟ್ಟಿದ ರೀತಿಯಲ್ಲೇ ಇದೆ. ಸುಟ್ಟ ಕಟ್ಟಡವನ್ನು ದುರಸ್ತಿ ಮಾಡುವ ಆಯ್ಕೆ ಆಗ ಇರಲಿಲ್ಲ. ಸುಮಾರು 41 ಲಕ್ಷ ರೂಪಾಯಿ ಸುರಿದು ಕಟ್ಟಿಸಿದವರು, ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್, ಸುಟ್ಟುಹೋದದ್ದರ ನಕಲು ತೆಗೆಯಲಿಲ್ಲ. ಬೆಂಕಿಯಿಂದ ಪಾಠ ಕಲಿತು ಕಲ್ಲು ಮತ್ತು ಕಬ್ಬಿಣಕ್ಕೆ ತಿರುಗಿದರು, ಕಲ್ಯಾಣಮಂಟಪದ ಎರಕದ ಕಂಬಗಳನ್ನು ಗ್ಲಾಸ್ಗೋದಿಂದ ತರಿಸಿದರು. ತಮ್ಮ ಕಾಲದ ಕಟ್ಟಡವನ್ನು ತಮ್ಮ ಕಾಲದ ಕಸುಬಿನಲ್ಲಿ ಕಟ್ಟಿದರು. ಇಂದು ಹೇಳುತ್ತಿರುವುದು ಬೇರೆ: ನಿಂತಿರುವುದನ್ನು ಕೆಡವಿ, ಕಾಂಕ್ರೀಟಿಗೆ ಹಳೆಯ ಕಮಾನಿನ ಮುಖ ಅಂಟಿಸುವುದು. ಕೆಡವಲೇಬೇಕಾದರೆ ಇಂದಿನ ಒಳ್ಳೆಯ ವಾಸ್ತುಶಿಲ್ಪಿಯಿಂದ ಇಂದಿನ ಮಾರುಕಟ್ಟೆಯನ್ನೇ ಕಟ್ಟಿಸುವುದು ಹೆಚ್ಚು ಪ್ರಾಮಾಣಿಕ. ಮದರಾಸಿನ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟಿತು. ಅಲ್ಲೂ ಹಳೆಯ ಪುಸ್ತಕದವರೇ ಹೆಸರುವಾಸಿ. ಆ ಜಾಗ ರೈಲ್ವೆಯ ಪಾಲಾಯಿತು, ಮಾರ್ಕೆಟ್ಟಿನ ಪುಟ್ಟ ಮಾದರಿಯೊಂದನ್ನು ಅಲ್ಲಿ ನಿಲ್ಲಿಸಿದರು. ನಕಲಿನ ದಾರಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅದು ಅಳತೆಗೋಲು.

ಲ್ಯಾನ್ಸ್‌ಡೌನ್, ಡಫರಿನ್ ಎಂಬ ವೈಸ್‌ರಾಯ್‌ಗಳ ಹೆಸರು ಹೊತ್ತ, ರಾಜಪ್ರಭುತ್ವ ಕಟ್ಟಿಸಿದ ಕಟ್ಟಡಗಳಿಗೆ ಗಣರಾಜ್ಯ ಏಕೆ ತಲೆಕೆಡಿಸಿಕೊಳ್ಳಬೇಕು ಎಂಬುದು ಇನ್ನೊಂದು ಮಾತು. ಹೆಸರುಗಳು ಅಂದಿನ ಮುಲಾಜು. ಬೇಕಾದರೆ ಬದಲಿಸಿಕೊಳ್ಳಿ, ಗೋಡೆಗೆ ಅದರಿಂದ ನಷ್ಟವಿಲ್ಲ. ಹಣ ಮಾತ್ರ ರೈತರ ಕಂದಾಯದಿಂದ ಬಂದದ್ದು, ಕೈ ಇಲ್ಲಿಯ ಗಾರೆಯವರದು, ಬಡಗಿಗಳದು. ಅದಕ್ಕಿಂತ ಮುಖ್ಯವಾಗಿ, ಈ ಆಕ್ಷೇಪ ಅರಮನೆಗೆ ತಟ್ಟಬೇಕಾದಷ್ಟು ಮಾರುಕಟ್ಟೆಗೆ ತಟ್ಟುವುದಿಲ್ಲ. ಅರಮನೆಯ ದರ್ಬಾರಿಗೆ ಆಹ್ವಾನ ಬೇಕಿತ್ತು, ಗುಡಿಯ ಬಾಗಿಲು ಆ ಕಾಲದಲ್ಲಿ ಎಲ್ಲರಿಗೂ ತೆರೆದಿರಲಿಲ್ಲ. ಊರಿನ ಎಲ್ಲ ಜಾತಿ ಮತದವರೂ ಒಂದೇ ಸೂರಿನ ಕೆಳಗೆ ಚೌಕಾಸಿ ಮಾಡಿದ ಕಟ್ಟಡವೆಂದರೆ ಮಾರುಕಟ್ಟೆ. ರಾಜರ ಆಸ್ತಿಯನ್ನು ಜತನದಿಂದ ಕಾಪಾಡಿ, ಜನರ ಕಟ್ಟಡವನ್ನು ಕೆಡವುವ ಗಣರಾಜ್ಯದ ಲೆಕ್ಕ ನನಗಂತೂ ಅರ್ಥವಾಗುವುದಿಲ್ಲ.

ಕೊನೆಯದು ಮಳಿಗೆದಾರರ ಕಡೆಯಿಂದ ಬರುವ ಆಕ್ಷೇಪ. ಬಾಡಿಗೆಯನ್ನು ದುರಸ್ತಿಗೆ ಕಟ್ಟಿಹಾಕಿದರೆ ಬಾಡಿಗೆ ಏರುತ್ತದೆ, ಹೂವಿನವಳು ಹೊರಗೆ ಬೀಳುತ್ತಾಳೆ, ಆ ಜಾಗಕ್ಕೆ ಉಡುಗೊರೆ ಸಾಮಾನಿನ ಅಂಗಡಿ ಬರುತ್ತದೆ. ಈ ಭಯ ಸುಳ್ಳಲ್ಲ, ಚಂದವಾಗಿ ನವೀಕರಣಗೊಂಡ ಎಷ್ಟೋ ಮಾರುಕಟ್ಟೆಗಳಲ್ಲಿ ಹೀಗೇ ಆಗಿದೆ. ಹಾಗೆಂದು ರಸ್ತೆಗೆ ಮುಖ ಮಾಡಿದ ದೊಡ್ಡ ಮಳಿಗೆಗೂ ಒಳಗಿನ ವೀಳ್ಯದೆಲೆಯ ಕಟ್ಟೆಗೂ ಒಂದೇ ತೂಕದ ರಿಯಾಯಿತಿ ಸಲ್ಲದು. ಮೊದಲನೆಯವರು ಇಂದಿನ ದರ ಕೊಡಬೇಕು, ಒಳಬಾಡಿಗೆಯ ಲಾಭ ಪಾಲಿಕೆಗೆ ಬರಬೇಕು, ಎರಡನೆಯವರ ದರ ಹಾಗೇ ಉಳಿಯಬೇಕು. ಕೆಡವುವುದಕ್ಕೆ ಮಳಿಗೆದಾರರು ಒಡ್ಡಿದ ವಿರೋಧ ಪರಂಪರೆಯ ಪ್ರೀತಿಯಿಂದಷ್ಟೇ ಬಂದದ್ದಲ್ಲ. ಹೊರಗೆ ಹೋದರೆ ಮರಳಿ ಮಳಿಗೆ ಸಿಗುತ್ತದೆಂಬ ನಂಬಿಕೆ ಅವರಿಗಿಲ್ಲ. ದುರಸ್ತಿಯ ಅವಧಿಗೆ ಬದಲಿ ಜಾಗ, ಮರಳುವ ಹಕ್ಕು, ದಿನಾಂಕ ಇವನ್ನು ನೋಂದಾಯಿತ ಕರಾರಿನಲ್ಲಿ ಬರೆದುಕೊಟ್ಟಿದ್ದರೆ ಅರ್ಧ ವಿರೋಧ ಕರಗುತ್ತಿತ್ತು.

ಹಾಗಾಗಿ ಬೇಕಾಗಿರುವುದು ಇನ್ನೊಂದು ತಜ್ಞ ಸಮಿತಿಗಿಂತ ಒಂದು ಪ್ರತ್ಯೇಕ ಖಾತೆ. ಪಾಲಿಕೆಯ ಆಯವ್ಯಯದಲ್ಲಿ ಒಂದೊಂದು ಪಾರಂಪರಿಕ ಕಟ್ಟಡಕ್ಕೂ ಬೇರೆ ಶೀರ್ಷಿಕೆ ಇರಲಿ. ಅದರ ಬಾಡಿಗೆಯಲ್ಲಿ ನಿಗದಿಯಾದ ಪಾಲು ಅಲ್ಲೇ ಜಮೆಯಾಗಲಿ, ಬೇರೆ ಕಡೆಗೆ ತಿರುಗಿಸಲು ಬಾರದಂತಿರಲಿ. ಬಾಡಿಗೆಯಿಲ್ಲದ ಶಾಲೆ, ಗ್ರಂಥಾಲಯಗಳಿಗೆ ಸರ್ಕಾರ ಮೂಲಧನ ಇಡಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ ತಾರಸಿ, ನೀರಿನ ದಾರಿ, ತೊಲೆಯ ತುದಿ ನೋಡಿ ಸಹಿ ಮಾಡುವ ಒಬ್ಬ ಇಂಜಿನಿಯರಿನ ಹೆಸರು ಕಟ್ಟಡದ ಬಾಗಿಲಲ್ಲೇ ತೂಗಲಿ. ಸುಣ್ಣದ ಕೆಲಸಕ್ಕೆ ದರಪಟ್ಟಿಯಲ್ಲಿ ನ್ಯಾಯವಾದ ದರ ಬರಲಿ, ಗಾರೆಯವರಿಗೆ ತರಬೇತಿ ಸಿಗಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಾಗಲಾರದು, ಪಾಲಿಕೆಯ ಮತ್ತು ಸರ್ಕಾರದ ನಿರ್ಣಯಗಳು ಸಾಕು. ಚಿಕ್ಕ ಗಡಿಯಾರ, ದೊಡ್ಡ ಗಡಿಯಾರ, ಪುರಭವನ ಇನ್ನೂ ನಿಂತಿರುವಾಗಲೇ ಅವುಗಳಿಂದ ಈ ಕೆಲಸ ಶುರುವಾಗಬಹುದು.